ಕೆರೆ ಏರಿಯ ಮೇಲೊಂದು ಸಂಜೆ: ಗಾಳದಿಂದ ಮೀನು ಹಿಡಿಯುವ ಬಗೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಿಗೆ ಸಮುದ್ರ ಬಹು ದೂರ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಪಾಗ್ನಿ, ಚಿತ್ರಾವತಿ ನದಿಗಳು ಈ ಭಾಗದ ಬೆಟ್ಟಗಳಲ್ಲಿಯೇ ಹುಟ್ಟಿದರೂ ವರ್ಷವಿಡೀ ಹರಿಯುವುದಿಲ್ಲ. ಆದುದರಿಂದ ಇಲ್ಲಿ ನೀರೆಂದರೆ ಕೆರೆ, ಮೀನೆಂದರೆ ಕೆರೆ ಮೀನು. ಕರಾವಳಿಯವರು ಸಂಜೆ ಹೊತ್ತು ಸಮುದ್ರದಂಚಿನ ಬಂಡೆಯ ಮೇಲೆ ಕುಳಿತು ಗಾಳ ಹಾಕುವಂತೆ, ನಮ್ಮ ಹಳ್ಳಿಗಳವರು ಕೆರೆ ಏರಿಯ ಕಲ್ಲುಕಟ್ಟಣೆಯ ಮೇಲೆ ಕುಳಿತು ಗಾಳ ಹಾಕುತ್ತಾರೆ. ಹೊಲದ ಕೆಲಸ ಮುಗಿದ ಮೇಲೆ ಸಿಗುವ ಎರಡು ಗಂಟೆಯಲ್ಲಿ, ಹೆಚ್ಚು ಖರ್ಚಿಲ್ಲದೆ ಮನೆಯ ಸಾರಿಗೆ ಒಳ್ಳೆಯ ಪೌಷ್ಟಿಕ ಆಹಾರ ದೊರೆಯುತ್ತದೆ. ಹಸಿ ಮೀನಿನಲ್ಲಿ ನೂರಕ್ಕೆ 17ರಿಂದ 20 ಭಾಗ ಸಸಾರಜನಕವಿರುತ್ತದೆ. ಮುದ್ದೆ ಊಟಕ್ಕೆ ಇದು ತಕ್ಕ ಜೊತೆ.

ಗಾಳ ಹಾಕುವುದು ಎಲ್ಲರಿಗೂ ಗೊತ್ತಿರುವ ಕೆಲಸವೆಂದು ತೋರಬಹುದು. ಆದರೆ ಯಾವ ಹೊತ್ತಿನಲ್ಲಿ, ಯಾವ ದಡದಲ್ಲಿ, ಯಾವ ಆಳದಲ್ಲಿ ಮೀನಿರುತ್ತದೆ ಮತ್ತು ಏಕೆ ಎಂಬುದನ್ನು ತಿಳಿದವನಿಗೆ ಸಿಗುವ ಮೀನಿಗೂ, ಸುಮ್ಮನೆ ದಾರ ಬಿಟ್ಟು ಕೂರುವವನಿಗೆ ಸಿಗುವ ಮೀನಿಗೂ ವ್ಯತ್ಯಾಸವುಂಟು. ಅಷ್ಟೇ ಮುಖ್ಯವಾದುದು, ಮೀನು ಹಿಡಿಯಲು ಹೋದವರು ಸುರಕ್ಷಿತವಾಗಿ ಮನೆಗೆ ಮರಳುವುದು ಹಾಗೂ ಮುಂದಿನ ವರ್ಷಕ್ಕೂ ಕೆರೆಯಲ್ಲಿ ಮೀನು ಉಳಿಯುವುದು. ಈ ಮೂರು ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಅನುಮತಿ

ಕೆರೆಯ ನೀರು ಊರಿನದಾದರೂ ಅದರಲ್ಲಿನ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ. ಕೆರೆಯ ವಿಸ್ತೀರ್ಣವನ್ನು ನೋಡಿಕೊಂಡು ಮೀನುಗಾರಿಕೆ ಇಲಾಖೆಯಾಗಲಿ ಗ್ರಾಮ ಪಂಚಾಯಿತಿಯಾಗಲಿ ಈ ಹಕ್ಕನ್ನು ಕೊಡುತ್ತದೆ. ಗುತ್ತಿಗೆ ಹಿಡಿದ ಸಹಕಾರ ಸಂಘವಾಗಲಿ ವ್ಯಕ್ತಿಯಾಗಲಿ ಹಣ ಕಟ್ಟಿ, ಮರಿ ತಂದು ಬಿಟ್ಟಿರುತ್ತಾರೆ. ಆದುದರಿಂದ ಗಾಳ ಹಿಡಿದು ಹೊರಡುವ ಮುನ್ನ ಪಂಚಾಯಿತಿ ಕಚೇರಿಯಲ್ಲಿ ಇಲ್ಲವೇ ಗುತ್ತಿಗೆದಾರರಲ್ಲಿ ವಿಚಾರಿಸಬೇಕು. ಮನೆ ಬಳಕೆಗೆ ಒಂದೆರಡು ಮೀನು ಹಿಡಿಯಲು ಹಲವರು ಒಪ್ಪುತ್ತಾರೆ. ಕೇಳದೆ ಹೋಗಿ ಜಗಳ ತಂದುಕೊಳ್ಳುವುದಕ್ಕಿಂತ ಕೇಳಿ ಹೋಗುವುದು ಮೇಲು.

ನಮ್ಮ ಕೆರೆಗಳ ಮೀನುಗಳು

ಮರಿ ಬಿಟ್ಟು ಬೆಳೆಸುವ ಮೀನುಗಳಲ್ಲಿ ಕಾಟ್ಲಾ, ರೋಹು ಮತ್ತು ಮೃಗಾಲ್ ಮುಖ್ಯವಾದುವು. ಕಾಟ್ಲಾ ಮೀನಿನ ಬಾಯಿ ಮೇಲ್ಮುಖವಾಗಿದೆ. ಅದು ನೀರಿನ ಮೇಲ್ಪದರದಲ್ಲಿ ಮೇಯುತ್ತದೆ. ರೋಹು ನಡುಪದರದಲ್ಲಿಯೂ ಮೃಗಾಲ್ ತಳದಲ್ಲಿಯೂ ಆಹಾರ ಹುಡುಕುತ್ತವೆ. ಸಾಮಾನ್ಯ ಗೆಂಡೆಯೂ ತಳದ ಮೀನು. ಕೆಸರನ್ನು ಕೆದಕುವುದರಿಂದ ಅದಿರುವ ಕಡೆ ಗುಳ್ಳೆಗಳು ಏಳುತ್ತವೆ. ಕಾಟ್ಲಾ, ರೋಹು, ಮೃಗಾಲ್ ಹರಿಯುವ ಹೊಳೆಯ ಮೀನುಗಳಾದುದರಿಂದ ನಿಂತ ಕೆರೆಯಲ್ಲಿ ಮರಿ ಮಾಡುವುದಿಲ್ಲ. ಅವು ಖಾಲಿಯಾದರೆ ಮತ್ತೆ ಮರಿ ತಂದು ಬಿಡಬೇಕು.

ತಾವಾಗಿಯೇ ಬೆಳೆಯುವ ಮೀನುಗಳಲ್ಲಿ ಕೊರವ ಮೀನು ಬಹಳ ಬೆಲೆಯುಳ್ಳದ್ದು. ತೆಲುಗು ಮನೆಮಾತಿನವರು ಇದನ್ನು ಕೊರಮೀನು ಎನ್ನುತ್ತಾರೆ. ಇದು ಆಗಾಗ ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು. ಆದುದರಿಂದ ಕೆರೆ ಬತ್ತುವಾಗಲೂ ಕೆಸರಿನಲ್ಲಿ ಕೆಲಕಾಲ ಉಳಿಯುತ್ತದೆ. ಇದಲ್ಲದೆ ಪಕ್ಕೆ, ಗಿರ್ಲು, ಚೇಳುಮೀನುಗಳುಂಟು. ಜಿಲೇಬಿ ಮೀನೆಂದು ಕರೆಯುವ ತಿಲಾಪಿಯಾ ಆಫ್ರಿಕಾ ಮೂಲದ್ದು. 1952ರಲ್ಲಿ ಭಾರತಕ್ಕೆ ಬಂದ ಇದು ಬಹು ಬೇಗ ಮರಿ ಮಾಡಿ ಕೆರೆಯನ್ನು ತುಂಬುತ್ತದೆ. ಇದನ್ನು ಎಷ್ಟು ಹಿಡಿದರೂ ಇತರ ಮೀನುಗಳಿಗೆ ಒಳ್ಳೆಯದೇ.

ಸಂಜೆಯೇ ಏಕೆ?

ಮೀನಿನ ಮೈಬಿಸಿ ಸುತ್ತಲಿನ ನೀರಿನೊಡನೆ ಏರಿಳಿಯುತ್ತದೆ. ಗೆಂಡೆ ಜಾತಿಯ ಮೀನುಗಳು 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿ ಚೆನ್ನಾಗಿ ಮೇಯುತ್ತವೆ. ನಡು ಮಧ್ಯಾಹ್ನ ಮೇಲಿನ ನೀರು ಕಾದಾಗ ಮೀನು ಆಳಕ್ಕೋ ಜೊಂಡಿನ ನೆರಳಿಗೋ ಸರಿಯುತ್ತದೆ. ಬಿಸಿಲು ಇಳಿದಂತೆ ಮತ್ತೆ ದಡದ ಕಡೆಗೆ ಬರುತ್ತದೆ.

ಎರಡನೆಯ ಕಾರಣ ನೀರಿನಲ್ಲಿ ಕರಗಿರುವ ಆಮ್ಲಜನಕ. ಹಸಿರು ಪಾಚಿಯ ಕಣಗಳು ಹಗಲಿಡೀ ಬಿಸಿಲಿನ ನೆರವಿನಿಂದ ಆಮ್ಲಜನಕವನ್ನು ಬಿಡುತ್ತವೆ. ಹೀಗಾಗಿ ಇಳಿಹಗಲಿನ ಹೊತ್ತಿಗೆ ಅದು ದಿನದಲ್ಲಿಯೇ ಅತಿ ಹೆಚ್ಚಾಗಿರುತ್ತದೆ. ರಾತ್ರಿ ಪಾಚಿಯೂ ಮೀನೂ ಸೇರಿ ಅದನ್ನು ಬಳಸುವುದರಿಂದ ಬೆಳಗಿನ ಜಾವಕ್ಕೆ ಅತಿ ಕಡಿಮೆಯಾಗುತ್ತದೆ. ಲೀಟರು ನೀರಿನಲ್ಲಿ 5 ಮಿಲಿಗ್ರಾಂಗಿಂತ ಹೆಚ್ಚು ಆಮ್ಲಜನಕವಿದ್ದರೆ ಮೀನು ಚುರುಕಾಗಿ ಮೇಯುತ್ತದೆ. 3 ಮಿಲಿಗ್ರಾಂಗೆ ಇಳಿದರೆ ಮೇವು ಬಿಡುತ್ತದೆ. ಬೆಳಗಿನ ಜಾವ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರಿನ ಕಷ್ಟ. ಆಗ ಗಾಳ ಹಾಕಿ ಪ್ರಯೋಜನವಿಲ್ಲ.

ಮೂರನೆಯದು, ಮುಸ್ಸಂಜೆಯಲ್ಲಿ ಹುಳುಹುಪ್ಪಟೆಗಳು ನೀರಿನ ಮೇಲೆ ಹಾರಾಡುತ್ತವೆ. ಕಪ್ಪೆಗಳು ದಡಕ್ಕೆ ಬರುತ್ತವೆ. ಅವುಗಳ ಬೆನ್ನು ಹತ್ತಿ ಕೊರವ ಮೀನು ಕಲ್ಲಿನ ಸಂದಿಗಳ ಹತ್ತಿರ ಬೇಟೆಗೆ ಬರುತ್ತದೆ. ಸೂರ್ಯ ಮುಳುಗುವುದಕ್ಕೆ ಮೊದಲಿನ ಒಂದೂವರೆ ಗಂಟೆಯೇ ಗಾಳಕ್ಕೆ ತಕ್ಕ ಸಮಯ.

ದಡವನ್ನು ಆರಿಸುವುದು

ಸಮುದ್ರದ ಬಂಡೆಯ ಮೇಲೆ ಕುಳಿತವನು ಉಬ್ಬರ ಇಳಿತಗಳನ್ನು ನೋಡಿ ಗಾಳ ಹಾಕುತ್ತಾನೆ. ಕೆರೆಯಲ್ಲಿ ಉಬ್ಬರವಿಲ್ಲ, ಇಲ್ಲಿ ಆ ಕೆಲಸವನ್ನು ಗಾಳಿ ಮಾಡುತ್ತದೆ. ಗಾಳಿ ಬಂದು ಬಡಿಯುವ ದಡಕ್ಕೆ ತೇಲುವ ಹುಳುಗಳೂ ಪಾಚಿಯ ಕಣಗಳೂ ಬಂದು ಸೇರುತ್ತವೆ. ಅಲೆ ಕಲ್ಲಿಗೆ ಅಪ್ಪಳಿಸುವಾಗ ನೀರಿಗೆ ಗಾಳಿಯೂ ಬೆರೆಯುತ್ತದೆ. ಮುಂಗಾರಿನಲ್ಲಿ ಪಡುವಣ ಗಾಳಿ ಬೀಸುವುದರಿಂದ ಆ ತಿಂಗಳುಗಳಲ್ಲಿ ಮೂಡಣ ದಡ ಒಳ್ಳೆಯದು. ಹಿಂಗಾರಿನ ಮೂಡಗಾಳಿಗೆ ಪಡುವಣ ದಡವನ್ನು ಹಿಡಿಯಬೇಕು.

ಏರಿಯ ಕಲ್ಲುಕಟ್ಟಣೆಯ ಬುಡದಲ್ಲಿ ನೀರು ಆಳವಿರುತ್ತದೆ. ಸಂದಿಗಳಲ್ಲಿ ಮರಿಮೀನು, ಸಿಗಡಿ, ಶಂಖದ ಹುಳುಗಳಿರುತ್ತವೆ. ಆದುದರಿಂದಲೇ ದೊಡ್ಡ ಮೀನು ಅಲ್ಲಿಗೆ ಬರುತ್ತದೆ. ಕೂರುವುದಕ್ಕೆಂದೋ ಹುಳು ಹುಡುಕುವುದಕ್ಕೆಂದೋ ಕಟ್ಟಣೆಯ ಕಲ್ಲನ್ನು ಮಾತ್ರ ಕೀಳಬಾರದು. ಒಂದು ಕಲ್ಲು ಕಿತ್ತ ಜಾಗದಲ್ಲಿ ಅಲೆ ಮಣ್ಣನ್ನು ಕೊರೆಯುತ್ತದೆ, ಪಕ್ಕದ ಕಲ್ಲು ಸಡಿಲವಾಗುತ್ತದೆ. ಒಂದು ಸಂಜೆಯ ಮೀನಿಗಾಗಿ ಅಚ್ಚುಕಟ್ಟನ್ನೆಲ್ಲ ಕಾಯುವ ಏರಿಗೆ ಪೆಟ್ಟು ಕೊಡುವುದು ಸಲ್ಲದು.

ಕೆರೆಗಳು ಸಾಮಾನ್ಯವಾಗಿ ಸೆಪ್ಟೆಂಬರ್–ಅಕ್ಟೋಬರ್ ಮಳೆಗೆ ತುಂಬುತ್ತವೆ. ಮಳೆಗಾಲದಲ್ಲಿ ಬಿಟ್ಟ ಮರಿ ಚೆನ್ನಾಗಿ ಬೆಳೆದರೆ ಎಂಟು ಹತ್ತು ತಿಂಗಳಿಗೆ ಅರ್ಧದಿಂದ ಒಂದು ಕಿಲೋ ತೂಗುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಮೀನು ಮೇಯುವುದು ಕಡಿಮೆ. ಫೆಬ್ರವರಿಯಿಂದಾಚೆಗೆ ನೀರು ಬೆಚ್ಚಗಾಗಿ, ಕೆರೆಯೂ ತಗ್ಗಿ, ಗಾಳಕ್ಕೆ ಹೆಚ್ಚು ಮೀನು ಸಿಗುತ್ತದೆ.

ಗಾಳ ಮತ್ತು ಎರೆ

ಹತ್ತು ಹನ್ನೆರಡು ಅಡಿಯ, ತುದಿ ಬಳುಕುವ ಬಿದಿರು ಕಡ್ಡಿ, ಅಷ್ಟೇ ಉದ್ದದ ನೈಲಾನ್ ದಾರ, ಒಂದು ಬೆಂಡು, ಒಂದು ಚಿಕ್ಕ ಸೀಸದ ಗುಂಡು ಮತ್ತು ಗಾಳದ ಮುಳ್ಳು, ಇಷ್ಟಿದ್ದರೆ ಸಾಕು. ಬೆಂಡಿಗೆ ಹಳೆಯ ಹವಾಯಿ ಚಪ್ಪಲಿಯ ತುಂಡೂ ಆದೀತು. ಜಿಲೇಬಿ, ಪಕ್ಕೆ ಮೀನಿಗೆ ಸಣ್ಣ ಮುಳ್ಳನ್ನೂ ಗೆಂಡೆ, ಕೊರವಕ್ಕೆ ದೊಡ್ಡ ಮುಳ್ಳನ್ನೂ ಕಟ್ಟಬೇಕು. ಸೀಸದ ಗುಂಡು ಬೆಂಡನ್ನು ನೆಟ್ಟಗೆ ನಿಲ್ಲಿಸುವಷ್ಟು ಮಾತ್ರ ತೂಗಬೇಕು; ಭಾರ ಹೆಚ್ಚಾದರೆ ಮೀನು ಎರೆಯನ್ನು ಉಗುಳುತ್ತದೆ. ಮೃಗಾಲ್ ಮತ್ತು ಗೆಂಡೆಗೆ ಎರೆ ತಳವನ್ನು ಮುಟ್ಟುವಂತೆಯೂ, ರೋಹುವಿಗೆ ನಡುನೀರಿನಲ್ಲಿ ಇರುವಂತೆಯೂ, ಕಾಟ್ಲಾಕ್ಕೆ ಒಂದೆರಡು ಅಡಿ ಆಳದಲ್ಲಿ ಇರುವಂತೆಯೂ ಬೆಂಡನ್ನು ಸರಿಸಿಕೊಳ್ಳಬೇಕು.

ಎರೆಗಾಗಿ ಪೇಟೆಗೆ ಹೋಗಬೇಕಾಗಿಲ್ಲ:

1. ರಾಗಿ ಮುದ್ದೆಗೆ ಕಡಲೆಕಾಯಿ ಹಿಂಡಿಯ ಪುಡಿ ಸೇರಿಸಿ ಗಟ್ಟಿಯಾಗಿ ನಾದಿ, ಗೋಲಿಯಷ್ಟು ಉಂಡೆ ಮಾಡಿ ಮುಳ್ಳನ್ನು ಮುಚ್ಚುವಂತೆ ಹಚ್ಚಬೇಕು. ರೋಹು, ಮೃಗಾಲ್, ಗೆಂಡೆಗೆ ಇದು ಒಳ್ಳೆಯದು.

2. ತಿಪ್ಪೆಯ ಬದಿಯ ಅಥವಾ ಎರೆಗೊಬ್ಬರದ ತೊಟ್ಟಿಯ ಎರೆಹುಳು ಎಲ್ಲ ಮೀನಿಗೂ ಆಗುತ್ತದೆ.

3. ರೇಷ್ಮೆಹುಳುವಿನ ಕೋಶ, ಎಂದರೆ ಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳು. ಶಿಡ್ಲಘಟ್ಟ, ಚಿಂತಾಮಣಿಯ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಇದು ಬೇಕಾದಷ್ಟು ಸಿಗುತ್ತದೆ. ಒಣಗಿದ ಕೋಶದಲ್ಲಿ ಸುಮಾರು ಅರ್ಧ ಭಾಗ ಸಸಾರಜನಕವೂ ಕಾಲು ಭಾಗಕ್ಕೆ ಕಡಿಮೆಯಿಲ್ಲದ ಕೊಬ್ಬೂ ಇದೆ. ಅದರ ವಾಸನೆಗೆ ಗೆಂಡೆ, ಗಿರ್ಲು, ಕೊರವ ಬೇಗ ಬರುತ್ತವೆ. ಹಸಿ ಕೋಶ ಒಂದೇ ದಿನದಲ್ಲಿ ಕೊಳೆಯುವುದರಿಂದ ಅಂದಂದೇ ಬಳಸಬೇಕು, ಇಲ್ಲವೇ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿಡಬೇಕು.

ಕುಳಿತ ಜಾಗದ ಮುಂದೆ ಒಂದು ಹಿಡಿ ತೌಡು, ಹಿಂಡಿಯ ಮಿಶ್ರಣವನ್ನು ಮೊದಲೇ ಎರಚಿ ಕಾಲು ಗಂಟೆ ಬಿಡುವುದು ಲೇಸು. ಬೆಂಡು ಒಂದೇ ಸಮನೆ ಕುಣಿದರೆ ಜಿಲೇಬಿ ಕಡಿಯುತ್ತಿದೆ ಎಂದು ತಿಳಿಯಬೇಕು. ಮೆಲ್ಲಗೆ ಓರೆಯಾಗಿ ಸರಿದರೆ ಗೆಂಡೆಯೋ ಮೃಗಾಲೋ ಎರೆಯನ್ನು ಹೀರುತ್ತಿದೆ. ತಟ್ಟನೆ ಮುಳುಗಿದರೆ ಕೊರವ ಹಿಡಿದಿದೆ. ಅದು ಎರೆ ನುಂಗಲು ಒಂದೆರಡು ಕ್ಷಣ ಬಿಟ್ಟು ಎಳೆಯಬೇಕು. ದೊಡ್ಡ ಮೀನನ್ನು ಒಮ್ಮೆಲೇ ಮೇಲೆತ್ತಬಾರದು. ದಾರ ಸಡಿಲವಾಗದಂತೆ ಆಡಿಸಿ, ಅದು ದಣಿದ ಮೇಲೆ ಕೈಬಲೆಯಿಂದ ಎತ್ತಬೇಕು.

ಬಿಡಬೇಕಾದ ಮೀನು, ಬಿಡಬಾರದ ಮೀನು

ಕಾಲು ಕಿಲೋಗಿಂತ ಕಡಿಮೆ ತೂಗುವ ಕಾಟ್ಲಾ, ರೋಹು, ಮೃಗಾಲ್ ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಮೆಲ್ಲಗೆ ಮುಳ್ಳು ಬಿಡಿಸಿ ನೀರಿಗೆ ಬಿಡಬೇಕು. ಒಣ ಕೈಯಿಂದ ಹಿಡಿದರೆ ಮೈಮೇಲಿನ ಲೋಳೆ ಹೋಗಿ ಮೀನಿಗೆ ರೋಗ ತಗಲುತ್ತದೆ. ಹೊಸದಾಗಿ ಮರಿ ಬಿಟ್ಟ ಎರಡು ತಿಂಗಳು ಸಣ್ಣ ಮುಳ್ಳಿನ ಗಾಳವನ್ನು ಹಾಕದಿರುವುದು ಒಳಿತು.

ಮಳೆಗಾಲದಲ್ಲಿ ದಡದ ಹತ್ತಿರ ಕೆಂಪು ಬಣ್ಣದ ಸಣ್ಣ ಮರಿಗಳು ಚೆಂಡಿನಂತೆ ಗುಂಪುಗೂಡಿ ಚಲಿಸುವುದನ್ನು ಕಾಣಬಹುದು. ಅವು ಕೊರವದ ಮರಿಗಳು. ಕೆಳಗಡೆಯೇ ತಾಯಿ ತಂದೆ ಮೀನುಗಳು ಕಾವಲಿರುತ್ತವೆ. ಹತ್ತಿರ ಬಂದುದನ್ನೆಲ್ಲ ಕಚ್ಚಲು ನುಗ್ಗುವುದರಿಂದ ಗಾಳಕ್ಕೆ ಸುಲಭವಾಗಿ ಬೀಳುತ್ತವೆ. ಆಗ ಅವನ್ನು ಹಿಡಿದರೆ ಕಾವಲಿಲ್ಲದ ಮರಿಗಳನ್ನು ಇತರ ಮೀನುಗಳೂ ಹಕ್ಕಿಗಳೂ ತಿಂದು ಮುಗಿಸುತ್ತವೆ. ಒಂದು ಮೀನಿನ ಆಸೆಗೆ ನೂರಾರು ಮೀನು ಹೋಗುತ್ತದೆ. ಮರಿ ಗುಂಪು ಕಂಡರೆ ಜಾಗ ಬದಲಿಸಬೇಕು.

ಇದಕ್ಕೆ ವಿರುದ್ಧವಾಗಿ, ಚಪ್ಪಟೆ ತಲೆಯ, ನಾಲ್ಕು ಜೊತೆ ಮೀಸೆಯ ಆಫ್ರಿಕಾದ ಕ್ಯಾಟ್‌ಫಿಶ್ ಸಿಕ್ಕರೆ ಮತ್ತೆ ನೀರಿಗೆ ಬಿಡಬಾರದು. ಇತರ ಮೀನುಗಳನ್ನು ನುಂಗುವ ಈ ಜಾತಿಯ ಸಾಕಣೆಗೆ ನಿಷೇಧವಿದೆ. ಇದು ಕೆರೆಯಲ್ಲಿ ಕಂಡುಬಂದರೆ ಮೀನುಗಾರಿಕೆ ಇಲಾಖೆಗೆ ತಿಳಿಸಬೇಕು.

ಸಿಡಿಮದ್ದು ಮತ್ತು ವಿಷ ಬೇಡ

ಕಲ್ಲು ಕ್ವಾರಿಗಳು ಹೆಚ್ಚಿರುವ ಈ ಭಾಗದಲ್ಲಿ ಸಿಡಿಮದ್ದು ಕೈಗೆ ಸಿಗುವ ಅಪಾಯವುಂಟು. ಸಿಡಿಮದ್ದಿನಿಂದ ಅಥವಾ ವಿಷದಿಂದ ಮೀನು ಕೊಲ್ಲುವುದು 1897ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ಅಪರಾಧ. ಇದರಿಂದ ಮೊಟ್ಟೆ, ಮರಿ, ಮೇವು ಎಲ್ಲವೂ ನಾಶವಾಗುತ್ತವೆ. ಸತ್ತ ಮೀನಿನ ಬಹುಭಾಗ ತಳ ಸೇರಿ ಕೊಳೆಯುತ್ತದೆ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸಿಡಿದು ಆರು ಮಂದಿ ಪ್ರಾಣ ಕಳೆದುಕೊಂಡರು. ಅದು ಮೀನಿಗಾಗಿ ಆದ ಅನಾಹುತವಲ್ಲದಿದ್ದರೂ ಆ ವಸ್ತು ಎಂಥದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ತಿಳಿಯದೆ ವಿಷ ಹಾಕುವವರೂ ಉಂಟು. ದ್ರಾಕ್ಷಿ, ಟೊಮೇಟೊ ತೋಟಕ್ಕೆ ಔಷಧಿ ಹೊಡೆದ ಸಿಂಪರಣಾ ಯಂತ್ರವನ್ನು ಕೆರೆಯಲ್ಲಿ ತೊಳೆಯಬಾರದು. ಸೈಪರ್‌ಮೆಥ್ರಿನ್ ಮೊದಲಾದ ಔಷಧಿಗಳು ಅತ್ಯಲ್ಪ ಪ್ರಮಾಣದಲ್ಲಿಯೇ ಮೀನನ್ನು ಕೊಲ್ಲುತ್ತವೆ. ರೇಷ್ಮೆ ಸಾಕಣೆಯ ತಟ್ಟೆ, ಚಂದ್ರಿಕೆಗಳನ್ನು ಬ್ಲೀಚಿಂಗ್ ಪುಡಿಯಿಂದ ತೊಳೆದ ನೀರೂ ಕೆರೆಗೆ ಸೇರಬಾರದು.

ಕೆರೆ ತುಂಬಿಸುವ ನೀರು ಮತ್ತು ಮೀನು

ಬೆಂಗಳೂರಿನ ತ್ಯಾಜ್ಯ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಲವು ಕೆರೆಗಳಿಗೆ ಹರಿಸಲಾಗುತ್ತಿದೆ. ಕಂದವಾರ ಕೆರೆ ಇವುಗಳಲ್ಲೊಂದು. ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳಿಗೆ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು ಬರುತ್ತದೆ. ಅಂತರ್ಜಲಕ್ಕೆ ಇದರಿಂದ ಬಲ ಬಂದಿದೆ. ಆದರೆ ಇಂಥ ನೀರಿನಲ್ಲಿ ಸಾರಜನಕ, ರಂಜಕಗಳು ಹೆಚ್ಚಾಗಿ ಉಳಿದಿದ್ದರೆ ಪಾಚಿ ಅತಿಯಾಗಿ ಬೆಳೆಯುತ್ತದೆ. ಹಗಲು ಆಮ್ಲಜನಕ ಕೊಡುವ ಅದೇ ಪಾಚಿ ಮೋಡ ಕವಿದ ದಿನಗಳ ರಾತ್ರಿ ಆಮ್ಲಜನಕವನ್ನೆಲ್ಲ ಹೀರಿ, ಬೆಳಗಾಗುವಷ್ಟರಲ್ಲಿ ಮೀನು ಸಾಮೂಹಿಕವಾಗಿ ಸಾಯಬಹುದು.

ಕೈಯನ್ನು ಮೊಳಕೈವರೆಗೆ ನೀರಿನಲ್ಲಿ ಇಳಿಸಿ ನೋಡಿ. ಅಂಗೈ ಮಂಕಾಗಿ ಕಂಡರೆ ಪಾಚಿ ಹದವಾಗಿದೆ. ಮಣಿಕಟ್ಟು ಮುಳುಗುವ ಮೊದಲೇ ಬೆರಳು ಕಾಣದೆ ಹೋದರೆ ಪಾಚಿ ಮಿತಿ ಮೀರಿದೆ. ನೊರೆ, ದುರ್ವಾಸನೆ ಇರುವ ಕೆರೆಯಲ್ಲಿ ಮೀನು ಹಿಡಿಯಬೇಡಿ. ಸತ್ತು ತೇಲುವ ಮೀನನ್ನು ಎಂದಿಗೂ ಮನೆಗೆ ತರಬೇಡಿ, ಮಾರಲೂ ಬೇಡಿ. ಹಿಡಿದ ಮೀನಿನ ಕರುಳು, ಕಿವಿರುಗಳನ್ನು ತೆಗೆದು, ಶುದ್ಧ ನೀರಿನಲ್ಲಿ ತೊಳೆದು, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ಪ್ರಾಣದ ಬಗ್ಗೆ ಎಚ್ಚರ

ಕೆರೆಯಲ್ಲಿ ಮುಳುಗಿ ಸಾಯುವವರಲ್ಲಿ ಈಜು ಬಲ್ಲವರೂ ಇರುತ್ತಾರೆ. ಕೆಳಗಿನ ಸಂಗತಿಗಳನ್ನು ಮನೆಯ ಮಕ್ಕಳಿಗೂ ತಿಳಿಸಿ ಹೇಳಬೇಕು.

ಮಣ್ಣಿಗಾಗಿ ಯಂತ್ರಗಳಿಂದ ತೋಡಿದ ಗುಂಡಿಗಳು ಕೆರೆಯ ಅಂಗಳದಲ್ಲಿ ಬಾವಿಯಂತೆ ಉಳಿದಿರುತ್ತವೆ. ಕೆರೆ ತುಂಬಿದ ಮೇಲೆ ಅವು ಕಾಣುವುದಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಡೆಯುವವನು ಮುಂದಿನ ಹೆಜ್ಜೆಗೆ ಎರಡಾಳು ಆಳಕ್ಕೆ ಇಳಿಯಬಹುದು. ಸಿಕ್ಕಿಕೊಂಡ ಗಾಳವನ್ನು ಬಿಡಿಸಲು ನೀರಿಗೆ ಇಳಿಯಬೇಡಿ. ದಾರ ಕತ್ತರಿಸಿ ಬಿಡಿ.

ಪಾಚಿಗಟ್ಟಿದ ಕಲ್ಲು ಜಾರುತ್ತದೆ. ನೀರಿಗೆ ತಾಗಿದ ಸಾಲಿನಲ್ಲಿ ಕೂರದೆ ಮೇಲಿನ ಒಣ ಕಲ್ಲಿನ ಮೇಲೆ ಕೂರಬೇಕು. ಸಂದಿಗಳಲ್ಲಿ ಹಾವಿರಬಹುದಾದುದರಿಂದ ನೋಡದೆ ಕೈ ಇಡಬಾರದು. ಟಾರ್ಚು ಜೊತೆಯಲ್ಲಿರಬೇಕು.

ತೂಬು ತೆರೆದಿರುವಾಗ ಅದರ ಹತ್ತಿರ ನೀರಿನ ಸೆಳೆತವಿರುತ್ತದೆ. ಕೋಡಿ ಬಿದ್ದಾಗ ಮೀನು ಹೊರಹರಿಯುವುದನ್ನು ಕಂಡು ಜನ ನುಗ್ಗುತ್ತಾರೆ. 2021ರ ನವೆಂಬರ್ ಮಳೆಗೆ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಬಿದ್ದುದನ್ನು ನೀವು ನೋಡಿದ್ದೀರಿ. ಮೊಣಕಾಲು ಮಟ್ಟದ ರಭಸದ ನೀರೂ ಆಳನ್ನು ಕೆಡವಬಲ್ಲದು. ಕೋಡಿಯಲ್ಲಿ ನಿಂತು ಮೀನು ಹಿಡಿಯಲೇಬಾರದು.

ಗುಡುಗು ಕೇಳಿದೊಡನೆ ಏರಿಯಿಂದ ಇಳಿದು ಊರಿಗೆ ಬನ್ನಿ. ವಿದ್ಯುತ್ ತಂತಿಯ ಕೆಳಗೆ ಗಾಳದ ಕಡ್ಡಿಯನ್ನು ಎತ್ತಬೇಡಿ.

ಚೇಳುಮೀನಿನ ಮುಳ್ಳು ಚುಚ್ಚಿದರೆ ಆ ಭಾಗವನ್ನು ತಾಳುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆಗೂ ಮಿಕ್ಕಿ ಇಡಬೇಕು. ಗಾಳದ ಮುಳ್ಳು ಬೆರಳಿನ ಒಳಕ್ಕೆ ಹೊಕ್ಕರೆ ಎಳೆಯದೆ ವೈದ್ಯರಲ್ಲಿಗೆ ಹೋಗಬೇಕು.

ಯಾರಾದರೂ ಮುಳುಗುತ್ತಿದ್ದರೆ ಹಾರಬೇಡಿ. ಗಳ, ಹಗ್ಗ, ಪಂಚೆ, ಸೀರೆ, ಮುಚ್ಚಿದ ಖಾಲಿ ಕ್ಯಾನು, ಸಿಕ್ಕಿದ್ದನ್ನು ಎಸೆದು ಎಳೆಯಿರಿ. ಮೇಲೆತ್ತಿದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯುತ್ತ ಹೊತ್ತು ಕಳೆಯಬೇಡಿ. ಉಸಿರಾಟವಿಲ್ಲದಿದ್ದರೆ ಅಂಗಾತ ಮಲಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು 2 ಸಲ ಗಾಳಿ ಊದಿ. ಅನಂತರ ಎದೆಯ ನಡುವೆ 30 ಸಲ ಬಲವಾಗಿ ಒತ್ತಿ, ಮತ್ತೆ 2 ಸಲ ಊದಿ. 108ರ ವಾಹನ ಬರುವವರೆಗೆ ಇದನ್ನು ನಿಲ್ಲಿಸಬಾರದು.

ಯಾತ್ರೆಗೆಂದು ಮುರುಡೇಶ್ವರಕ್ಕೋ ಉಳ್ಳಾಲದ ಸೋಮೇಶ್ವರಕ್ಕೋ ಹೋದಾಗ ಕಡಲ ಬಂಡೆ ಏರುವವರು ಇನ್ನೂ ಎಚ್ಚರದಿಂದಿರಬೇಕು. ಅಲ್ಲಿ ದಿನಕ್ಕೆ ಎರಡು ಸಲ ಉಬ್ಬರವಾಗುತ್ತದೆ. ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಈಗ ಒಣಗಿರುವ ಬಂಡೆ ಇನ್ನೆರಡು ಗಂಟೆಯಲ್ಲಿ ನೀರಿನಿಂದ ಸುತ್ತುವರಿಯಬಹುದು. ಒದ್ದೆಯಾಗಿರುವ ಬಂಡೆಯೆಂದರೆ ಅಲೆ ತಲುಪುವ ಬಂಡೆಯೆಂದೇ ಅರ್ಥ. ಸ್ಥಳೀಯರನ್ನು ಕೇಳದೆ ಅಲ್ಲಿ ಇಳಿಯಬಾರದು.

ಸ್ವಂತ ಹೊಂಡದ ಮೀನು

ಕೃಷಿ ಹೊಂಡವಿರುವ ರೈತರು ಕೆರೆಯನ್ನೇ ನೆಚ್ಚಿಕೊಳ್ಳಬೇಕಾಗಿಲ್ಲ. 21 ಮೀಟರ್ ಉದ್ದ, 21 ಮೀಟರ್ ಅಗಲದ ಹೊಂಡದ ನೀರಿನ ಹರವು 441 ಚದರ ಮೀಟರ್. ಎರಡು ಚದರ ಮೀಟರಿಗೆ ಒಂದರಂತೆ 220 ಬೆರಳುದ್ದದ ಮರಿಗಳನ್ನು ಬಿಡಬಹುದು: ಕಾಟ್ಲಾ 88, ರೋಹು 66, ಮೃಗಾಲ್ 66. ಆರೇಳು ತಿಂಗಳಾದರೂ ನಾಲ್ಕೈದು ಅಡಿ ನೀರು ನಿಲ್ಲುವಂತಿರಬೇಕು. ತೌಡು, ಕಡಲೆಕಾಯಿ ಹಿಂಡಿ ಮತ್ತು ಒಣಗಿಸಿ ಪುಡಿ ಮಾಡಿದ ರೇಷ್ಮೆ ಕೋಶದ ಮಿಶ್ರಣವನ್ನು ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೊಡಬೇಕು. ಬೇಕಾದ ಸಂಜೆ ಬೇಕಾದಷ್ಟೇ ಮೀನನ್ನು ಗಾಳದಿಂದ ಹಿಡಿದುಕೊಳ್ಳಬಹುದು.

ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ಇಳಿಜಾರಿನಲ್ಲಿ ಬಿದ್ದವರು ತಾವಾಗಿ ಮೇಲೆ ಬರಲಾರರು. ಸುತ್ತಲೂ ತಂತಿ ಬೇಲಿ, ನಾಲ್ಕು ಮೂಲೆಗಳಲ್ಲಿ ನೀರಿನವರೆಗೆ ಇಳಿಬಿಟ್ಟ ಗಂಟು ಹಾಕಿದ ಹಗ್ಗ ಇದ್ದೇ ಇರಬೇಕು. ಮರಿ ಬಿಡುವ ಮೊದಲು ಹಗ್ಗ ಕಟ್ಟಿ.

ಮರಿಗಳ ಲಭ್ಯತೆ, ದರ ಹಾಗೂ ಹೊಂಡದ ನೀರಿನ ಪರೀಕ್ಷೆಯ ಬಗ್ಗೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಅಥವಾ ಚಿಂತಾಮಣಿ ತಾಲ್ಲೂಕು ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು. ಮುಂಗಾರು ಆರಂಭವಾಗುವ ಮೊದಲೇ ಹೀಗೆ ವಿಚಾರಿಸಿಕೊಂಡರೆ ಹೊಂಡಕ್ಕೆ ನೀರು ಬರುವ ಹೊತ್ತಿಗೆ ಮರಿಗಳೂ ಸಿದ್ಧವಾಗಿರುತ್ತವೆ.